ಬ್ರೇಕಿನ ಗಾಳಿ

ನಮ್ಮ ಕಡೆಯ ಹಳ್ಳಿಗಳಲ್ಲಿ ಒಬ್ಬರ ಗಾಡಿಯನ್ನು ಇನ್ನೊಬ್ಬರು ಕೇಳಿ ಒಯ್ಯುವ ರೂಢಿ ಮೊದಲಿನಿಂದಲೂ ಉಂಟು. ಹಿಂದೆ ಎತ್ತಿನ ಗಾಡಿ ಕೇಳುತ್ತಿದ್ದರು, ಈಗ ಪಿಕಪ್ ಕೇಳುತ್ತಾರೆ. ಎತ್ತು ಕೊಡುವಾಗ ಯಜಮಾನನು, ‘ಎಡಗಡೀದು ಸ್ವಲ್ಪ ಬೆದರತೈತಿ, ನೋಡಿಕೊಂಡು ಹೊಡಿ’ ಎಂದು ಹೇಳಿ ಕೊಡುತ್ತಿದ್ದ. ಪಿಕಪ್ಪಿನ ಕೀಲಿ ಕೊಡುವಾಗಲೂ ಇಂಥದೇ ಒಂದು ಮಾತು ಹೇಳುವ ಪರಿಪಾಠ ಬೆಳೆದಿದೆ. ‘ಬ್ರೇಕ್ ಎರಡ ಸಲ ತುಳಿ, ಹಿಡೀತೈತಿ’ ಎಂಬುದೇ ಆ ಮಾತು. ಮ್ಹೈಸಾಳ, ನರವಾಡ, ಬೇಡಗ, ಆರಗದಿಂದ ಹಿಡಿದು ಗಡಿಯಾಚೆ ಕಾಗವಾಡ, ಶೇಡಬಾಳದವರೆಗೆ ಇದನ್ನು ನಾನು ಕನ್ನಡದಲ್ಲಿಯೂ ಕೇಳಿದ್ದೇನೆ, ಮರಾಠಿಯಲ್ಲಿಯೂ ಕೇಳಿದ್ದೇನೆ. ಎತ್ತಿನ ವಿಷಯದಲ್ಲಿ ಆಡಿದ ಮಾತು ಎಚ್ಚರಿಕೆಯಾಗಿತ್ತು. ಬ್ರೇಕಿನ ವಿಷಯದಲ್ಲಿ ಆಡುವ ಮಾತು ನಮ್ಮ ಆಲಸ್ಯಕ್ಕೆ ಹೊದಿಸಿದ ಹಚ್ಚಡವೆಂದೇ ನನ್ನ ಅಭಿಪ್ರಾಯ.

ಎರಡನೆಯ ಸಲ ತುಳಿದಾಗ ಹಿಡಿಯುವ ಬ್ರೇಕೆಂದರೆ ಹೆಚ್ಚಾಗಿ ಒಳಗೆ ಗಾಳಿ ಹೊಕ್ಕ ಬ್ರೇಕು. ಆ ಗಾಳಿಯನ್ನು ಹೊರಗೆ ಹಾಕುವುದು ನಮ್ಮ ಒಕ್ಕಲಿಗರಿಗೆ ತಿಳಿಯದ ವಿದ್ಯೆಯೇನಲ್ಲ. ಟ್ರ್ಯಾಕ್ಟರಿನ ಡೀಝೆಲ್ ತೀರಿ ನಡು ಹೊಲದಲ್ಲಿ ನಿಂತಿತೆಂದರೆ, ಹತ್ತನೆಯ ಇಯತ್ತೆಯಲ್ಲಿ ಓದುವ ಹುಡುಗ ಕೂಡ ಪಾನಾ ತಂದು ಫಿಲ್ಟರಿನ ಮೇಲಿನ ಬೋಲ್ಟನ್ನು ಸಡಿಲು ಮಾಡಿ, ಕೈಪಂಪು ಒತ್ತಿ, ಬುರುಗು ಬರುವುದು ನಿಂತು ಬರಿಯ ಡೀಝೆಲ್ ಬರುವವರೆಗೆ ಹವಾ ತೆಗೆದು ಟ್ರ್ಯಾಕ್ಟರನ್ನು ಚಾಲೂ ಮಾಡುತ್ತಾನೆ. ಕೃಷ್ಣೆಯ ದಂಡೆಯ ಮೇಲಿನ ಪಂಪು ಗಾಳಿ ಹಿಡಿದು ನೀರು ಏರಿಸದಿದ್ದರೆ ನಡುರಾತ್ರಿಯಲ್ಲಿಯಾದರೂ ಎದ್ದು ಹೋಗಿ, ಫುಟ್ ವಾಲ್ವ್ ನೋಡಿ, ಪೈಪಿಗೆ ನೀರು ತುಂಬಿ ಗಾಳಿ ಹೊರಡಿಸುತ್ತೇವೆ. ಇಷ್ಟೆಲ್ಲ ಬಲ್ಲವರು ಬ್ರೇಕಿನ ಗಾಳಿಯನ್ನು ವರ್ಷಗಟ್ಟಲೆ ಹಾಗೆಯೇ ಬಿಡುವುದೇಕೆ? ಡೀಝೆಲಿನಲ್ಲಿ ಗಾಳಿ ಇದ್ದರೆ ಟ್ರ್ಯಾಕ್ಟರ್ ಹೊರಡುವುದಿಲ್ಲ, ಪಂಪಿನಲ್ಲಿ ಗಾಳಿ ಇದ್ದರೆ ಬೆಳೆಗೆ ನೀರಿಲ್ಲ. ಆದರೆ ಬ್ರೇಕಿನಲ್ಲಿ ಗಾಳಿ ಇದ್ದರೂ ಗಾಡಿ ಹೊರಡುತ್ತದೆ, ದುಡಿಯುತ್ತದೆ, ಬಾಡಿಗೆಯನ್ನೂ ತರುತ್ತದೆ. ಕೆಲಸ ನಿಲ್ಲಿಸದ ಬೇನೆಗೆ ನಾವು ಔಷಧ ಮಾಡಿದವರಲ್ಲ.

ಈ ಬ್ರೇಕಿನ ರಹಸ್ಯ ಬಹಳ ಸಣ್ಣದು. ದ್ರವವನ್ನು ಒಂದು ಕಡೆಗೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಮುಟ್ಟುತ್ತದೆಂದು ಫ್ರಾನ್ಸಿನ ಪಾಸ್ಕಲನು 17ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟನು. ನಾವು ಪೆಡಲು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿಯ ಎಣ್ಣೆಯು ತೆಳುವಾದ ನಳಿಗೆಗಳ ಮುಖಾಂತರ ನಾಲ್ಕೂ ಗಾಲಿಗೆ ಒತ್ತಡ ಮುಟ್ಟಿಸಿ, ಪ್ಯಾಡುಗಳು ಡಿಸ್ಕನ್ನು ಹಿಡಿಯುವಂತೆ ಮಾಡುತ್ತದೆ. ಅಮೇರಿಕೆಯ ಡ್ಯೂಸೆನ್‌ಬರ್ಗ್ ಮೋಟಾರಿಗೆ 1921ರಲ್ಲಿ ನಾಲ್ಕೂ ಗಾಲಿಗೆ ಇಂಥ ಬ್ರೇಕು ಕೂಡಿಸಿದರು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿಗೂ ಇದೇ ಬ್ರೇಕು. ಪರದೇಶದ ಒಕ್ಕಲಿಗರು ಹೊಲದಲ್ಲಿ ಓಡಾಡಲು ಇಟ್ಟುಕೊಳ್ಳುವ ದಪ್ಪ ಟಾಯರಿನ ಎ.ಟಿ.ವಿ. ಎಂಬ ಸಣ್ಣ ಗಾಡಿಯ ಮುಂಗಾಲಿಗೂ, ನಮ್ಮ ಹುಡುಗರ ಮೋಟಾರ್ ಸೈಕಲ್ಲಿನ ಮುಂದಿನ ಡಿಸ್ಕಿಗೂ, ದ್ರಾಕ್ಷಿ ಹೇರುವ ಪಿಕಪ್ಪಿಗೂ ಇರುವ ವಿದ್ಯೆ ಇದೊಂದೇ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಳಿಗೆಯಲ್ಲಿ ಗಾಳಿಯ ಗುಳ್ಳೆಗಳು ಸೇರಿಕೊಂಡರೆ ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಹಿಚುಕುವುದರಲ್ಲಿಯೇ ತೀರಿಹೋಗಿ, ಗಾಲಿಗೆ ಮುಟ್ಟಬೇಕಾದದ್ದು ಮುಟ್ಟುವುದಿಲ್ಲ. ಪೆಡಲು ನೆನೆದ ಹತ್ತಿಯಂತೆ ಮೆತ್ತಗಾಗುತ್ತದೆ.

ಅದರಲ್ಲಿಯೂ ಮುಂಗಾಲಿಯ ಬ್ರೇಕಿನ ಕಡೆಗೆ ಹೆಚ್ಚು ಲಕ್ಷ್ಯ ಬೇಕು. ಹೇರಿದ ಎತ್ತಿನ ಗಾಡಿ ಇಳಿಜಾರಿಗೆ ಬಂದಾಗ ಭಾರವೆಲ್ಲ ಮುಂದಕ್ಕೆ ಸರಿದು ನೊಗವು ಎತ್ತಿನ ಹೆಗಲ ಮೇಲೆ ಕುಳಿತುಬಿಡುವುದನ್ನು ನೋಡದವರಾರು? ಮೋಟಾರು ಗಾಡಿಗೆ ಬ್ರೇಕು ಹಾಕಿದಾಗಲೂ ಹೀಗೆಯೇ ಆಗುತ್ತದೆ. ಸಪಾಟು ನೆಲದ ಮೇಲೆ ಕೂಡ ಭಾರ ಮುಂದಕ್ಕೆ ವಾಲಿ, ಮುಂಗಾಲಿಗಳು ನೆಲವನ್ನು ಒತ್ತಿ ಹಿಡಿಯುತ್ತವೆ, ಹಿಂಗಾಲಿಗಳು ಹಗುರಾಗುತ್ತವೆ. ನಿಲ್ಲಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮುಂದಿನ ಎರಡು ಗಾಲಿಗಳದು. ಪೇಟೆಯಿಂದ ಬರಿದಾಗಿ ಮರಳುವ ಪಿಕಪ್ಪಿಗಂತೂ ಹಿಂದಿನ ಬ್ರೇಕಿನ ಆಧಾರ ತೀರ ಕಡಿಮೆ.

ಈ ಮಾತನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ದ್ರಾಕ್ಷಿಯ ಹಂಗಾಮಿನಲ್ಲಿ ಒಂದು ಮುಂಜಾನೆ ಅಣ್ಣನ ಮಗ ಬಂದು, ‘ಕಾಕಾ, ಕೀಲಿ ಕೊಡ್ರಿ, ಮಿರಜಿಗೆ ಮಾಲು ಮುಟ್ಟಿಸಿ ಬರ್ತೀನಿ’ ಎಂದ. ಕೀಲಿ ಕೊಟ್ಟೆ. ಕೊಡುವಾಗ ಆ ಎರಡು ಸಲ ತುಳಿಯುವ ಮಾತನ್ನೂ ಹೇಳಿದೆ. ಹುಡುಗ ಜಾಣ, ಹೋಗುವಾಗ ನೆನಪಿನಿಂದ ಎರಡೆರಡು ಸಲ ತುಳಿಯುತ್ತಲೇ ಹೋಗಿದ್ದಾನೆ. ಮರಳಿ ಬರುವಾಗ, ಊರ ಸಮೀಪದಲ್ಲಿ ಕಬ್ಬಿನ ಎರಡು ಫಡಗಳ ನಡುವಿನ ದಾರಿಯಿಂದ ನಮ್ಮ ಬಾಜೂ ಹೊಲದವರ ಜೋಡೆತ್ತಿನ ಗಾಡಿ ಒಮ್ಮೆಲೆ ರಸ್ತೆಗೆ ಬಂತು. ಹುಡುಗ ತುಳಿದ. ಪೆಡಲು ನೆಲ ಮುಟ್ಟಿತು. ಕಾಲೆತ್ತಿ ಎರಡನೆಯ ಸಲ ತುಳಿಯುವಷ್ಟರಲ್ಲಿ ಬಲಗಡೆಯ ಎತ್ತಿನ ಹಿಂಗಾಲು ಮುರಿದುಹೋಗಿತ್ತು.

ತಾಸಿಗೆ 40 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂದಿಗೆ 11 ಮೀಟರ್ ಮುಂದೆ ಹೋಗುತ್ತದೆ. ಕಾಲೆತ್ತಿ ಮತ್ತೆ ತುಳಿಯಲು ಅರ್ಧ ಸೆಕೆಂದು ಸಾಕೆಂದು ಹಿಡಿದರೂ ಐದೂವರೆ ಮೀಟರ್ ಆಯಿತು. ಎತ್ತು ಹೂಡಿದ ಒಂದು ಗಾಡಿಯ ಉದ್ದ ಸರಿಸುಮಾರು ಅಷ್ಟೇ. ‘ಎರಡ ಸಲ ತುಳಿ’ ಎನ್ನುವಾಗ ನಾನು ಹುಡುಗನಿಗೆ ಹೇಳಿದ್ದು, ಒಂದು ಎತ್ತಿನ ಗಾಡಿಯಷ್ಟು ದಾರಿ ಬ್ರೇಕಿಲ್ಲದೆ ಹೋಗು ಎಂದೇ. ಎತ್ತಿನ ಬೆಲೆಯನ್ನು ನಾನು ಕೊಟ್ಟೆ, ಅವರು ತಕ್ಕೊಂಡರು. ಆದರೆ ಕರುವಿದ್ದಾಗಿನಿಂದ ಜೋಡಿ ಕೂಡಿ ಬೆಳೆದ ಎತ್ತಿಗೆ ಬೆಲೆ ಕಟ್ಟುವುದು ಹೇಗೆ? ಉಳಿದ ಎತ್ತು ಹೊಸ ಜೊತೆಗೆ ಹೊಂದಲಿಲ್ಲ. ಆ ವರ್ಷ ಅವರ ಬಿತ್ತಿಗೆ ಹಿಂದೆ ಬಿತ್ತು. ಹುಡುಗ ನಾಲ್ಕು ತಿಂಗಳು ಸ್ಟಿಯರಿಂಗ್ ಮುಟ್ಟಲಿಲ್ಲ. ಆತನನ್ನು ಯಾರೂ ಬಯ್ಯಲಿಲ್ಲ, ಬಯ್ಯಬಾರದು ಕೂಡ. ತುಳಿಯಬೇಕಾದಾಗ ಆತ ತುಳಿದಿದ್ದ.

ಆಮೇಲೆ ಗಾಡಿ ಬಿಚ್ಚಿ ನೋಡಿದಾಗ ಒಂದು ಚಮತ್ಕಾರ ಕಂಡಿತು. ಅದಕ್ಕಿಂತ ಮೊದಲು ಎರಡು ಸಾರೆ ಮಿಸ್ತ್ರಿಯಿಂದ ಗಾಳಿ ತೆಗೆಸಿದ್ದೆ. ಎಂಟು ದಿನ ನೆಟ್ಟಗಿದ್ದಂತೆ ತೋರಿ ಮತ್ತೆ ಮೆತ್ತಗಾಗುತ್ತಿತ್ತು. ನೋಡಿದರೆ ಮುಂಗಾಲಿಯ ಎರಡೂ ಕ್ಯಾಲಿಪರುಗಳನ್ನು ಯಾರೋ ಹಿಂದೊಮ್ಮೆ ಬಿಚ್ಚಿ ಕೂಡಿಸುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಬಿಟ್ಟಿದ್ದರು. ಗಾಳಿ ಬಿಡುವ ನಿಪ್ಪಲ್ ಮೇಲಕ್ಕಿರಬೇಕಾದದ್ದು ಕೆಳಗೆ ಬಂದಿತ್ತು. ಗಾಳಿ ಯಾವಾಗಲೂ ಮೇಲಕ್ಕೇರುವ ವಸ್ತು. ಕೆಳಗಿನ ತೂತಿನಿಂದ ಎಷ್ಟು ಎಣ್ಣೆ ಹರಿಸಿದರೂ ಮೇಲೆ ಕುಳಿತ ಗುಳ್ಳೆ ಜಗ್ಗುವುದಿಲ್ಲ. ಕ್ಯಾಲಿಪರ್ ಬಿಚ್ಚಿಸಿದ ಮೇಲೆ ನಿಪ್ಪಲ್ ಮೇಲ್ಗಡೆ ಇದೆಯೋ ಇಲ್ಲವೋ ಎಂದು ಮಾಲೀಕನು ಸ್ವತಃ ಬಾಗಿ ನೋಡತಕ್ಕದ್ದು. ಇದಕ್ಕೆ ಯಾವ ವಿದ್ಯೆಯೂ ಬೇಡ, ಕಣ್ಣು ಸಾಕು.

ಇನ್ನು ಗಾಳಿ ತೆಗೆಯುವ ಕ್ರಮ. ಇಬ್ಬರು ಬೇಕು. ಗಾಡಿಯನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ ಹಿಂಗಾಲಿಗೆ ಕಲ್ಲು ಕೊಟ್ಟು, ಎಣ್ಣೆಯ ಡಬ್ಬಿಯ ಮುಚ್ಚಳವನ್ನೂ ನಿಪ್ಪಲನ್ನೂ ಅರಿವೆಯಿಂದ ಚೆನ್ನಾಗಿ ಒರೆಸಬೇಕು. ಒಂದು ಕಣ ಮಣ್ಣು ಒಳಗೆ ಹೋದರೂ ರಬ್ಬರು ಹರಿಯುತ್ತದೆ. ಡಬ್ಬಿಯನ್ನು ಮೇಲಿನ ಗೆರೆಯವರೆಗೆ ತುಂಬಬೇಕು. ಬಹುತೇಕ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಡೆಗೆ, ಅಂದರೆ ಬಲಕ್ಕೆ ಇರುವುದರಿಂದ, ಅದಕ್ಕೆ ದೂರದ ಎಡ ಮುಂಗಾಲಿಯಿಂದ ಪ್ರಾರಂಭಿಸಿ ಆಮೇಲೆ ಬಲಕ್ಕೆ ಬರಬೇಕು. ನಾಲ್ಕೂ ಗಾಲಿಗಳದ್ದು ತೆಗೆಯುವುದಿದ್ದರೆ ಮೊದಲು ಎಡ ಹಿಂಗಾಲಿ, ಬಲ ಹಿಂಗಾಲಿ, ಆಮೇಲೆ ಮುಂದಿನವು. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದರಂತೆ ನಡೆಯಬೇಕು. ನಿಪ್ಪಲಿಗೆ ಒಳಗಿನದು ಕಾಣುವಂಥ ತೆಳುವಾದ ನಳಿಗೆ ಸಿಗಿಸಿ, ಅದರ ಇನ್ನೊಂದು ತುದಿ ಬಾಟಲಿಯಲ್ಲಿ ಎಣ್ಣೆಯೊಳಗೆ ಮುಳುಗಿರುವಂತೆ ಇಡಬೇಕು. ಇದು ಯಾತಕ್ಕೆಂದರೆ, ತುದಿ ಹೊರಗಿದ್ದರೆ ತೆಗೆದ ಗಾಳಿಯನ್ನೇ ಅದು ಮರಳಿ ಎಳೆದುಕೊಂಡೀತು.

ಒಬ್ಬನು ಒಳಗೆ ಕುಳಿತು ಸಾವಕಾಶವಾಗಿ ಎರಡು ಮೂರು ಸಲ ತುಳಿದು, ಕೊನೆಗೆ ತುಳಿದು ಹಿಡಿಯಬೇಕು. ‘ಹಿಡಿದೀನಿ’ ಎಂದು ಆತ ಕೂಗಿದಾಗ ಹೊರಗಿನವನು ನಿಪ್ಪಲನ್ನು ಪಾನಾದಿಂದ ಕಾಲು ಸುತ್ತು ಸಡಿಲಿಸಬೇಕು. ಎಣ್ಣೆಯೂ ಗುಳ್ಳೆಯೂ ನಳಿಗೆಯಲ್ಲಿ ಇಳಿಯುವುದು ಕಾಣುತ್ತದೆ, ಒಳಗಿನವನ ಕಾಲ ಕೆಳಗೆ ಪೆಡಲು ಇಳಿಯುತ್ತದೆ. ಪೆಡಲು ಇಳಿದಾಗ ಕಾಲು ತೆಗೆಯಬಾರದು. ನಿಪ್ಪಲ್ ಬಿಗಿದು, ಹೊರಗಿನವನು ‘ಬಿಡು’ ಎಂದ ಮೇಲೆಯೇ ಬಿಡಬೇಕು. ಈ ಕೂಗು ತಪ್ಪಿದಲ್ಲಿಯೇ ಕೆಲಸ ಕೆಡುವುದು. ತೆರೆದ ನಿಪ್ಪಲಿನಲ್ಲಿ ಪೆಡಲು ಮೇಲೆ ಬಂದರೆ ಹೊರಗಿನ ಗಾಳಿ ಒಳಗೆ ಹೊಕ್ಕು, ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ. ಗುಳ್ಳೆ ನಿಂತು, ಕಪ್ಪು ಎಣ್ಣೆ ಹೋಗಿ, ಹೊಸದರಂತೆ ತಿಳಿಯಾದದ್ದು ಬರುವವರೆಗೆ ಹೀಗೆ ನಡೆಸಬೇಕು. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿಯನ್ನು ನೋಡಿ ತುಂಬುತ್ತಿರಬೇಕು. ಡಬ್ಬಿ ಬರಿದಾದರೆ ಮಾಸ್ಟರ್ ಸಿಲಿಂಡರೇ ಗಾಳಿ ನುಂಗುತ್ತದೆ. ಹಳೆಯ ಗಾಡಿಯಾದರೆ ಪೆಡಲಿನ ಕೆಳಗೆ ಒಂದು ಕಟ್ಟಿಗೆಯ ತುಂಡು ಇಡುವುದು ಜಾಣತನ. ಸಿಲಿಂಡರಿನ ಕೊನೆಯ ಭಾಗಕ್ಕೆ ವಾಯಸರು ಎಂದೂ ಹೋಗಿರುವುದಿಲ್ಲ, ಅಲ್ಲಿ ತುಕ್ಕು ಕೂತಿರುತ್ತದೆ. ನೆಲದವರೆಗೆ ತುಳಿದರೆ ಆ ತುಕ್ಕಿಗೆ ತಾಗಿ ವಾಯಸರು ಹರಿದು, ಇದ್ದ ಬ್ರೇಕೂ ಹೋದೀತು.

ಮುಗಿದ ಮೇಲೆ ಎಂಜಿನ್ ಬಂದು ಇಟ್ಟು ನಾಲ್ಕೈದು ಸಲ ತುಳಿದರೆ ಪೆಡಲು ಕಲ್ಲಿನಂತೆ ನಿಲ್ಲಬೇಕು, ಒಂದು ನಿಮಿಷ ಒತ್ತಿ ಹಿಡಿದರೂ ಇಳಿಯಬಾರದು. ಇಳಿಯುತ್ತಿದ್ದರೆ ಎಲ್ಲಿಯೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರ್ ಸವೆದಿದೆ. ಕಾಲು ಒತ್ತಿ ಹಿಡಿದಂತೆಯೇ ಎಂಜಿನ್ ಚಾಲೂ ಮಾಡಿದಾಗ ಮಾತ್ರ ಪೆಡಲು ತುಸು ಇಳಿಯುತ್ತದೆ. ಅದು ಬೂಸ್ಟರಿನ ಸಹಜ ಗುಣ, ಅದಕ್ಕೆ ಹೆದರಬೇಕಾಗಿಲ್ಲ. ಇನ್ನೊಂದು ಭೇದವನ್ನೂ ತಿಳಿದಿರಬೇಕು. ಪೆಡಲು ಬಹಳ ಕೆಳಗೆ ಹೋಗಿ, ಆದರೆ ಅಲ್ಲಿ ಗಟ್ಟಿಯಾಗಿ ನಿಂತರೆ ಅದು ಗಾಳಿಯಲ್ಲ. ಹಿಂಗಾಲಿಯ ಡ್ರಮ್ಮಿನೊಳಗೆ ಲೈನರು ಸವೆದು ದೂರ ಸರಿದಿರುತ್ತವೆ, ಅವುಗಳನ್ನು ಹತ್ತಿರಕ್ಕೆ ತರಿಸಬೇಕು. ಎರಡು ಸಲ ತುಳಿದರೆ ಹಿಡಿಯುವುದು ಎರಡೂ ಬೇನೆಗಳ ಲಕ್ಷಣ. ಮೆತ್ತಗಿದ್ದರೆ ಗಾಳಿ, ಗಟ್ಟಿಯಿದ್ದರೆ ಸವಕಳಿ. ಎ.ಬಿ.ಎಸ್. ಇರುವ ಗಾಡಿಯಲ್ಲಿ ಗಾಳಿ ಅದರ ಪೆಟ್ಟಿಗೆಯೊಳಗೆ ಹೊಕ್ಕರೆ ಮನೆಯ ಪಾನಾದಿಂದ ಆಗದು, ಯಂತ್ರವಿದ್ದ ಕಾರ್ಯಾಗಾರಕ್ಕೇ ಒಯ್ಯಬೇಕು.

ಎಣ್ಣೆಯ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಲೇಬೇಕಾಗಿದೆ. ಬ್ರೇಕಿನ ಎಣ್ಣೆ ಎಂದು ನಾವು ಅನ್ನುತ್ತೇವೆಯೇ ಹೊರತು ಅದು ಎಂಜಿನ್ ಎಣ್ಣೆಯ ಜಾತಿಯದಲ್ಲ, ಗ್ಲೈಕಾಲ್ ಎಂಬುದರಿಂದ ಮಾಡಿದ ದ್ರವ. ತುರ್ತಿಗೆಂದು ಇದರ ಜಾಗದಲ್ಲಿ ಎಂಜಿನ್ ಎಣ್ಣೆ, ಸ್ಟಿಯರಿಂಗ್ ಎಣ್ಣೆ ಸುರಿದವರನ್ನು ಕಂಡಿದ್ದೇನೆ. ಒಳಗಿನ ರಬ್ಬರೆಲ್ಲ ನೆನೆದ ಕಡಲೆಯಂತೆ ಉಬ್ಬಿ, ಎಲ್ಲ ಸಿಲಿಂಡರುಗಳನ್ನೂ ಬಿಚ್ಚಿಸುವ ಖರ್ಚು ಬಂದಿತು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಇಲ್ಲವೆ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಬೇಕು. ಈ ದ್ರವಕ್ಕೆ ನೀರಿನ ಮೇಲೆ ಬಹಳ ಮೋಹ. ಗಾಳಿಯಲ್ಲಿಯ ತೇವವನ್ನು ಕೂಡ ಹೀರಿಕೊಳ್ಳುತ್ತದೆ. ಡಾಟ್ 3 ಹೊಸದಿರುವಾಗ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕಾಯಬೇಕು, ನೂರಕ್ಕೆ 3.7ರಷ್ಟು ನೀರು ಕೂಡಿದರೆ ಈ ಕನಿಷ್ಠ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ದ್ರಾಕ್ಷಿ ಹೇರಿಕೊಂಡು ಆಂಬಾ ಘಾಟನ್ನೋ ಆಂಬೋಲಿ ಘಾಟನ್ನೋ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುವವನ ಮುಂಗಾಲಿಯ ಡಿಸ್ಕು ಎಷ್ಟು ಕಾಯುತ್ತದೆಂದು ಬೇರೆ ಹೇಳಬೇಕೆ? ಎಣ್ಣೆ ಕುದಿದು ಆವಿಯಾದರೆ ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ. ತಂಪಾದ ಮೇಲೆ ಎಲ್ಲವೂ ಮೊದಲಿನಂತೆ! ಮಿಸ್ತ್ರಿಗೆ ತೋರಿಸಿದರೆ ಏನೂ ದೋಷವಿಲ್ಲ ಅನ್ನುತ್ತಾನೆ. ಆದುದರಿಂದ ಎರಡು ವರ್ಷಕ್ಕೊಮ್ಮೆ, ಬೇನೆ ಇರಲಿ ಬಿಡಲಿ, ಎಣ್ಣೆ ಬದಲಿಸತಕ್ಕದ್ದು. ಮುಚ್ಚಳ ತೆಗೆದು ಆರು ತಿಂಗಳು ಕಪಾಟಿನಲ್ಲಿದ್ದ ಬಾಟಲಿಯನ್ನು ಉಳಿತಾಯವೆಂದು ಬಳಸಬಾರದು. ದ್ರಾಕ್ಷಿಗೆ ಒಂದು ಸಲ ಔಷಧ ಹೊಡೆಯುವ ಖರ್ಚಿನ ಮುಂದೆ ಈ ಬಾಟಲಿಯ ಬೆಲೆ ಲೆಕ್ಕಕ್ಕಿಲ್ಲ.

ಕೃಷ್ಣೆಯ ದಂಡೆಯವರಾದ ನಮಗೆ ಇದರಲ್ಲಿ ಇನ್ನೊಂದು ವಿಶೇಷವಿದೆ. 2005, 2019, 2021ರ ಮಹಾಪೂರಗಳಲ್ಲಿ ಎಷ್ಟೋ ಗಾಡಿಗಳು ನೀರಿನಲ್ಲಿ ನಿಂತವು. ಎಂಜಿನ್ ಎಣ್ಣೆ ಬದಲಿಸಿದರು, ಗಾದಿ ಒಣಗಿಸಿದರು, ಬ್ರೇಕಿನ ಎಣ್ಣೆಯ ನೆನಪು ಯಾರಿಗೂ ಆಗಲಿಲ್ಲ. ಹಾಗೆ ನೀರು ಕಂಡ ಗಾಡಿಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಅವುಗಳ ನಿಪ್ಪಲ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಬಲ ಹಾಕಿ ತಿರುವಿದರೆ ಮುರಿದು ಒಳಗೇ ಉಳಿಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು ರಿಂಗ್ ಪಾನಾದಿಂದ ಮೆಲ್ಲಗೆ ಅತ್ತಿತ್ತ ಅಲುಗಿಸಬೇಕು. ತೆರೆದ ಬಾಯಿಯ ಪಾನಾ ಮೂಲೆಗಳನ್ನು ಸವೆಸಿಬಿಡುತ್ತದೆ.

ಬ್ರೇಕಿನ ಕೆಲಸ ಒಕ್ಕಲಿಗನ ಕೈಗೆ ಕೊಡುವಂಥದಲ್ಲ, ಮಿಸ್ತ್ರಿಯೇ ಮಾಡಬೇಕು ಎಂದು ಕೆಲವು ತಿಳಿದವರು ಆಕ್ಷೇಪಿಸುತ್ತಾರೆ. ಅರ್ಧ ಮಾತು ನಿಜ. ಸಿಲಿಂಡರ್ ಬಿಚ್ಚುವುದು, ನಳಿಗೆ ಬದಲಿಸುವುದು ಬಲ್ಲವರ ಕೆಲಸವೇ. ಗಾಳಿ ತೆಗೆದು ವಾರದೊಳಗೆ ಮತ್ತೆ ಮೆತ್ತಗಾದರೆ ಮೂರನೆಯ ಸಲ ತೆಗೆಯುತ್ತ ಕೂಡ್ರದೆ, ಗಾಳಿ ಹೊಗುವ ದಾರಿ ಯಾವುದೆಂದು ಅವರಿಂದಲೇ ಹುಡುಕಿಸಬೇಕು. ಆದರೆ ಪೆಡಲಿನ ನಾಡಿ ನೋಡಲು ಬಾರದ ಮಾಲೀಕನಿಗೆ ಮಿಸ್ತ್ರಿ ಮಾಡಿದ್ದು ಸರಿಯೋ ತಪ್ಪೋ ತಿಳಿಯುವುದಾದರೂ ಹೇಗೆ? ನನ್ನ ನಿಪ್ಪಲ್ ಕೆಳಗಿದ್ದದ್ದು ಎರಡು ಮಿಸ್ತ್ರಿಗಳ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ. ಅವರಿಗೆ ದಿನಕ್ಕೆ ಹತ್ತು ಗಾಡಿ, ನನಗೆ ಒಂದೇ.

ಹಾಲಿನ ಕ್ಯಾನು ಕಟ್ಟಿಕೊಂಡು ಮೋಟಾರ್ ಸೈಕಲ್ ಓಡಿಸುವ ಹುಡುಗರೂ ಇದನ್ನು ಕಲಿಯಬೇಕು. ಅಲ್ಲಿ ಪೆಡಲಿನ ಬದಲು ಕೈಯ ಹಿಡಿಕೆ, ಉಳಿದದ್ದೆಲ್ಲ ಅದೇ. ಹ್ಯಾಂಡಲ್ ತಿರುವಿ ಡಬ್ಬಿಯನ್ನು ಸಮ ಮಟ್ಟಕ್ಕೆ ತಂದುಕೊಂಡರಾಯಿತು. ಟ್ರ್ಯಾಕ್ಟರಿನ ಮಾತು ಬೇರೆ. ಸಾಮಾನ್ಯ ಟ್ರ್ಯಾಕ್ಟರಿಗೆ ಮುಂಗಾಲಿಯ ಬ್ರೇಕೇ ಇರುವುದಿಲ್ಲ, ಹಿಂದಿನದೂ ಬಹಳಷ್ಟರಲ್ಲಿ ಸರಳುಗಳಿಂದ ಎಳೆಯುವಂಥದು. ಎಣ್ಣೆಯ ಒತ್ತಡದ್ದಿದ್ದರೆ ಅದಕ್ಕೆ ಯಾವ ಎಣ್ಣೆ ಎಂಬುದನ್ನು ಪುಸ್ತಕ ನೋಡಿಯೇ ಹಾಕಬೇಕು, ಪಿಕಪ್ಪಿನ ಬಾಟಲಿ ನಡೆಯದು. ರಸ್ತೆಗೆ ಬರುವಾಗ ಎಡ ಬಲದ ಎರಡೂ ಪೆಡಲುಗಳನ್ನು ಕೊಂಡಿಯಿಂದ ಕೂಡಿಸಲೇಬೇಕು. ಇನ್ನು ಹಿಂದೆ ಸಾಲಾಗಿ ಎರಡೆರಡು ಕಬ್ಬಿನ ಟ್ರೇಲರ್! ಅವುಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇಲ್ಲ, ಗಾಳಿ ಎಲ್ಲಿಂದ ತೆಗೆಯಬೇಕು? ಕರಾರು ಮಾಡುವಾಗ ಸಕ್ಕರೆ ಕಾರಖಾನೆಗಳು ಕಾಗದ ಪತ್ರ ನೋಡುವಂತೆ ಬ್ರೇಕನ್ನೂ ತುಳಿದು ನೋಡಿದರೆ ಹಂಗಾಮಿನ ರಸ್ತೆಯಲ್ಲಿ ಎಷ್ಟೋ ಜೀವ ಉಳಿದಾವು. ಇದನ್ನು ಪ್ರತ್ಯೇಕವಾಗಿಯೇ ಬರೆಯಬೇಕಾದೀತು.

ಗಾಡಿ ಕೊಂಡಾಗ ಕೊಡುವ ಪುಸ್ತಕದಲ್ಲಿ ಇದೆಲ್ಲ ಇರುತ್ತದೆಂದು ಯಾರಾದರೂ ಅಂದಾರು. ನನ್ನ ಗಾಡಿಯೊಡನೆ ಬಂದ ಪುಸ್ತಕ ಇಂಗ್ಲಿಷಿನದು. ಅಂಗಡಿಯಲ್ಲಿ ಕೇಳಿದ್ದಕ್ಕೆ ಹಿಂದಿಯದನ್ನು ಹುಡುಕಿ ಕೊಟ್ಟರು. ಮ್ಹೈಸಾಳದಲ್ಲಿಯೂ ಜತ್ತದ ಹಳ್ಳಿಗಳಲ್ಲಿಯೂ ಕನ್ನಡ ಓದುವ ಚಾಲಕರಿದ್ದಾರೆ, ಮರಾಠಿ ಓದುವವರೂ ಇದ್ದಾರೆ. ನೂರಾರು ಪುಟ ಬೇಡ, ಬ್ರೇಕಿನ ಎರಡು ಪುಟವನ್ನಾದರೂ ಕಂಪನಿಗಳವರು ಈ ಎರಡು ಭಾಷೆಗಳಲ್ಲಿ ಅಚ್ಚು ಹಾಕಿಸಿ ಕೊಡಬಾರದೆ? ಅವರು ಕೊಡುವವರೆಗೆ, ಬೇಕೆನಿಸಿದವರು ಈ ಪುಟವನ್ನೇ ಕತ್ತರಿಸಿ ಗಾಡಿಯಲ್ಲಿ ಇಟ್ಟುಕೊಳ್ಳಬಹುದು. ಕೆಲಸ ಮಾಡುವಾಗ ಮಾತ್ರ ಒದ್ದೆ ಕೈ ತಾಗಿಸಬೇಡಿರಿ. ಈ ಎಣ್ಣೆ ಗಾಡಿಯ ಬಣ್ಣವನ್ನೇ ತಿನ್ನುತ್ತದೆ, ಚೆಲ್ಲಿದ ಕೂಡಲೆ ನೀರಿನಿಂದ ತೊಳೆಯಬೇಕು. ಅಚ್ಚಿನ ಮಸಿಯನ್ನು ಬಿಟ್ಟೀತೆ?